ಸೆನ್ನಾಗೆ ಟ್ರೋಫಿ, ಡ್ರೈವರಣ್ಣನಿಗೆ ಬಾಟಾ

1991ರ ಮಾರ್ಚ್‌ನಲ್ಲಿ ಅಯರ್ಟನ್ ಸೆನ್ನಾ ತನ್ನೂರು ಸಾವೊ ಪಾಲೊದ ಇಂಟರ್‌ಲಾಗೋಸ್ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ಗೆದ್ದ. ಗೆಲ್ಲುವ ಹೊತ್ತಿಗೆ ಅವನ ಮೆಕ್‌ಲಾರೆನ್ ಕಾರಿನ ಗೇರುಗಳೆಲ್ಲ ಕೈಕೊಟ್ಟು ಆರನೆಯದೊಂದೇ ಉಳಿದಿತ್ತು. ಕೊನೆಯ ಸುತ್ತುಗಳನ್ನು ಅದರಲ್ಲೇ ಮುಗಿಸಿದ. ಭುಜ ಸೆಟೆದುಕೊಂಡು ಟ್ರೋಫಿ ಎತ್ತಲೂ ಒದ್ದಾಡಿದ. ಈ ಕತೆ ಹೇಳುವಾಗ ಇವತ್ತಿಗೂ ಗದ್ಗದಿತರಾಗುವ ಹುಡುಗರು ಸಾಗರದಲ್ಲಿದ್ದಾರೆ, ತೀರ್ಥಹಳ್ಳಿಯಲ್ಲಿದ್ದಾರೆ. ಹೊಸನಗರದ ಕಡೆಯೂ ಇದ್ದಾರೆ. ಆದರೆ ಅವರು ವಿಡಿಯೋ ನೋಡಬೇಕಾದರೆ ಮೊದಲು ಸಿಗ್ನಲ್ ಸಿಗುವ ಗುಡ್ಡ ಹತ್ತಬೇಕು.

ಗುಡ್ಡ ಇಳಿದು ಅದೇ ಹುಡುಗರು ಹತ್ತುವ ಬಸ್ಸಿನಲ್ಲಿ ಮೂರನೇ ಗೇರು ಜಾರುತ್ತದೆ. ಡ್ರೈವರಣ್ಣ ಲಿವರನ್ನು ಮೊಣಕಾಲಿನಿಂದ ಒತ್ತಿ ಹಿಡಿದಿರುತ್ತಾನೆ. ಎಡಗೈ ಸ್ಟೇರಿಂಗ್ ಮೇಲೆ. ಬಲಗೈಯಲ್ಲಿ ರಸ್ತೆ ಬದಿಯಲ್ಲಿ ನಿಂತ ಅಮ್ಮನಿಂದ ಪೇಟೆಯ ಮೆಡಿಕಲ್ ಶಾಪಿಗೆ ಕೊಡಬೇಕಾದ ಮಾತ್ರೆ ಚೀಟಿ ಇಸಿದುಕೊಳ್ಳುತ್ತಾನೆ. ಬಾನೆಟ್ ಮೇಲೆ ಮೂವರು ಕೂತಿದ್ದಾರೆ, ಅವರ ಕಾಲ ಸಂದಿಯಲ್ಲಿ ಒಂದು ಹಲಸಿನಹಣ್ಣು. ಇಷ್ಟೆಲ್ಲ ಸಂಭಾಳಿಸಿ ಪೇಟೆ ಮುಟ್ಟಿಸಿದವನಿಗೆ ಸಿಗುವ ಚಪ್ಪಾಳೆ: "ಎಂತ ಮಾರಾಯ, ಐದು ನಿಮಿಷ ಲೇಟ್ ಮಾಡ್ಬಿಟ್ಯಲ."

ಕೈಯಲ್ಲಿ ಗೇರು ಹಾಕುವುದು ಈಗ ಜಗತ್ತಿನಲ್ಲಿ ಕಳೆದುಹೋದ ಕಲೆಯಂತೆ. ಫೆರಾರಿಯವರು 1989ರಲ್ಲಿ ಸ್ಟೇರಿಂಗಿನ ಹಿಂದೆ ಎರಡು ಪಟ್ಟಿ ಇಟ್ಟು, ಬೆರಳಲ್ಲಿ ಎಳೆದರೆ ಗೇರು ಬದಲಾಗುವಂತೆ ಮಾಡಿದರು. ಆ ಕಾರು ಮೊದಲ ರೇಸನ್ನೇ ಗೆದ್ದಿತು. 1991ರಲ್ಲಿ ಸೆನ್ನಾ ಚಾಂಪಿಯನ್ ಆದದ್ದೇ ಕೊನೆ, ಆಮೇಲೆ ಲಿವರಿನ ಕಾರಿಗೆ ಫಾರ್ಮುಲಾ ಒನ್ ಪಟ್ಟ ಸಿಗಲಿಲ್ಲ. ಈಗ ಹಳೇ ಕಾರುಗಳನ್ನು ಮ್ಯೂಸಿಯಮ್ಮಿನಿಂದ ಹೊರತೆಗೆದು ಓಡಿಸುತ್ತಾರೆ. ಡ್ರೈವರನ ಕಾಲಿನ ಹತ್ತಿರ ಕ್ಯಾಮೆರಾ ಇಟ್ಟು, ಒಂದೇ ಪಾದದಲ್ಲಿ ಬ್ರೇಕನ್ನೂ ಆಕ್ಸಿಲರೇಟರನ್ನೂ ಹೇಗೆ ತುಳಿಯುತ್ತಾನೆ ಎಂದು ತೋರಿಸುತ್ತಾರೆ. ನೋಡಿದವರು ಭರತನಾಟ್ಯ ನೋಡಿದಂತೆ ತಲೆದೂಗುತ್ತಾರೆ. ಗಾರ್ಡನ್ ಮರ್ರೆ ಎಂಬ ಮಹಾ ವಿನ್ಯಾಸಕಾರರು ಕೈಗೇರಿನ ಸುಖ ಮತ್ತೆ ಸಿಗಲೆಂದೇ ಟಿ.50 ಎಂಬ ಕಾರು ಮಾಡಿದ್ದಾರೆ. ಮಾಡಿದ್ದು ನೂರೇ ನೂರು, ಬೆಲೆ ಎರಡು ಮಿಲಿಯನ್ ಪೌಂಡಿಗೂ ಹೆಚ್ಚು, ಎಲ್ಲವೂ ಮಾರಿಹೋದವು. ಪಾಪ, ಆ ಶ್ರೀಮಂತರಿಗೆ ಯಾರೂ ಹೇಳಲಿಲ್ಲ, ಹೊಸಂಗಡಿಯಿಂದ ಮಾಸ್ತಿಕಟ್ಟೆಗೆ ಹುಲಿಕಲ್ ಘಾಟಿ ಹತ್ತಿಸುವ ಕೆಲಸ ಹಿಡಿದರೆ ಅದೇ ಸುಖಕ್ಕೆ ಮೇಲಿಂದ ದಿನದ ಬಾಟಾ ಕೊಡುತ್ತಾರೆ ಎಂದು.

ಹಳೇ ಲೇಲ್ಯಾಂಡು, ಟಾಟಾ ಬಸ್ಸುಗಳಲ್ಲಿ ಗೇರು ಇಳಿಸುವುದೆಂದರೆ ಡಬಲ್ ಕ್ಲಚ್. ಕ್ಲಚ್ ಒತ್ತಿ ನ್ಯೂಟ್ರಲ್, ಬಿಟ್ಟು ಒಂದು ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು. ಕೂದಲೆಳೆ ತಪ್ಪಿದರೂ ಗೇರ್‌ಬಾಕ್ಸ್ ಕರಕರ ಎಂದು ಊರಿಗೇ ಚಾಡಿ ಹೇಳುತ್ತದೆ. ಈ ವಿದ್ಯೆಯನ್ನು ಕ್ಲೀನರ್ ಹುಡುಗ ಬಾಗಿಲಲ್ಲಿ ನೇತಾಡಿಕೊಂಡು ಬರೀ ಸದ್ದು ಕೇಳಿ ಕಲಿಯುತ್ತಿದ್ದ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಿಗೆ ದೊಡ್ಡ ಬಸ್ಸನ್ನೇ ಬಿಡುವುದಿಲ್ಲ, ಮಿನಿ ಬಸ್ಸು. ಮೊನಾಕೊದಲ್ಲೂ ಒಂದು ಹೇರ್‌ಪಿನ್ ಇದೆ, ಫಾರ್ಮುಲಾ ಒನ್ನಿನಲ್ಲೇ ಅತಿ ನಿಧಾನದ ತಿರುವು, ಅದರ ಚಿತ್ರವನ್ನು ಕ್ಯಾಲೆಂಡರಿಗೆ ಹಾಕುತ್ತಾರೆ. ಅಲ್ಲಿ ಎದುರಿನಿಂದ ಮೀನಿನ ಲಾರಿ ಬರುವುದಿಲ್ಲ ಎಂಬುದನ್ನು ಕ್ಯಾಲೆಂಡರು ಹೇಳುವುದಿಲ್ಲ.

ಇನ್ನು ತಂಡ ಬಿಡುವ ವಿಷಯ. ಲೂಯಿಸ್ ಹ್ಯಾಮಿಲ್ಟನ್ ಮರ್ಸಿಡಿಸ್ ಬಿಟ್ಟು ಫೆರಾರಿಗೆ ಹೋಗುತ್ತಾನೆಂದು 2024ರ ಫೆಬ್ರುವರಿ ಒಂದರಂದು ಸುದ್ದಿ ಬಂತು. ಭೂಮಿ ಎರಡು ಸುತ್ತು ಹೆಚ್ಚು ತಿರುಗಿತು. ಹೋಗುವುದು ಮುಂದಿನ ವರ್ಷ. ಅಳು ಮಾತ್ರ ಅವತ್ತೇ ಶುರು. ನಮ್ಮ ಜಿಲ್ಲೆಯವರು ಇದಕ್ಕೆಲ್ಲ ಬೆರಗಾಗಬಾರದಿತ್ತು. ಹ್ಯಾಮಿಲ್ಟನ್ ಇಷ್ಟು ವರ್ಷದಲ್ಲಿ ಕಂಡದ್ದು ಮೂರೇ ತಂಡ. ಸೊರಬದ ಬಂಗಾರಪ್ಪನವರು 2004ರಲ್ಲಿ ಬಿಜೆಪಿಯಿಂದ ಶಿವಮೊಗ್ಗದ ಸಂಸದರಾಗಿ, ಮರುವರ್ಷವೇ ರಾಜೀನಾಮೆ ಕೊಟ್ಟು, ಸಮಾಜವಾದಿ ಪಕ್ಷದಿಂದ ಅದೇ ಕ್ಷೇತ್ರ ಗೆದ್ದರು. ಗಾಡಿ ಬದಲಾಯಿತು, ರೂಟೂ ಅದೇ, ಪ್ರಯಾಣಿಕರೂ ಅವರೇ. ಕ್ಲಚ್ ಒತ್ತದೆ ಗೇರು ಹಾಕುವ ಕಲೆಯನ್ನು ಅವರಿಂದ ಕಲಿಯಬೇಕಿತ್ತು.

ನನಗೆ ಪ್ರಿಯವಾದವನು ಅಲೇನ್ ಪ್ರೋಸ್ಟ್. ಅದೇ 1991. ಆಗಲೇ ಮೂರು ಸಲ ಚಾಂಪಿಯನ್. ಜಪಾನಿನ ರೇಸ್ ಮುಗಿಸಿ ಬಂದವನು, ಈ ಫೆರಾರಿ ಓಡಿಸುವುದು ಲಾರಿ ಓಡಿಸಿದಂತಿದೆ ಎಂಬರ್ಥದ ಮಾತಾಡಿದ. ಕೊನೆಯ ರೇಸಿಗೂ ಕಾಯದೆ ಮನೆಗೆ ಕಳಿಸಿದರು. ನಮ್ಮ ಕಡೆ ಡ್ರೈವರ್ ಹೋಗಿ "ಸಾವ್ಕಾರ್ರೇ, ಇದು ಬಸ್ಸಲ್ಲ, ಲಾರಿ" ಅಂದರೆ ಮಾಲೀಕರಿಗೆ ಸಿಟ್ಟು ಬರುವುದಿಲ್ಲ. "ಹೌದಾ? ಹಂಗಾರೆ ಮೇಲೆ ಇನ್ನೊಂದು ಹತ್ತು ಮೂಟೆ ಹಾಕ್ಬಹುದು" ಅನ್ನುತ್ತಾರೆ. ನಿಕಿ ಲೌಡಾ 1979ರಲ್ಲಿ ಕೆನಡಾದಲ್ಲಿ ಪ್ರಾಕ್ಟೀಸ್ ನಡುವೆಯೇ, ಸುತ್ತಿದಲ್ಲೇ ಸುತ್ತಿ ಸಾಕಾಯಿತೆಂದು ಕಾರು ಇಳಿದು ಹೊರಟುಹೋದ. ತತ್ವಜ್ಞಾನಿ ಎಂದರು. ದಿನಾ ಸಾಗರ–ಹೊಸನಗರ ನಾಲ್ಕು ಟ್ರಿಪ್ ಹೊಡೆಯುವವನು ಅದೇ ಮಾತು ಹೇಳಿದರೆ, "ನಿನ್ನೆ ಜಾಸ್ತಿ ಹಾಕಿರ್ಬೇಕು" ಎನ್ನುತ್ತಾರೆ.

ಆದರೆ ಬಿಟ್ಟುಹೋಗುವುದರಲ್ಲೂ ದೊಡ್ಡ ವಿದ್ಯೆ ಒಂದಿದೆ: ಬಿಟ್ಟು ಸ್ವಂತ ತಂಡ ಕಟ್ಟುವುದು. ಜಾಕ್ ಬ್ರಾಬಮ್ ಕೂಪರ್ ತಂಡ ಬಿಟ್ಟು, ತನ್ನ ಹೆಸರಿನದೇ ಕಾರು ಮಾಡಿಸಿ, 1966ರಲ್ಲಿ ಅದರಲ್ಲೇ ಚಾಂಪಿಯನ್ ಆದ. ಸೆನ್ನಾ ಓಡಿಸಿದ ಕಾರಿಗಿದ್ದ ಮೆಕ್‌ಲಾರೆನ್ ಹೆಸರೂ ಅದೇ ಕೂಪರ್‌ನಿಂದ ಹೊರಬಿದ್ದ ಇನ್ನೊಬ್ಬ ಡ್ರೈವರನದು. ಇವರ ಮೇಲೆ ಪುಸ್ತಕ ಬಂದಿವೆ, ಸಿನಿಮಾ ಬಂದಿವೆ.

ನಮ್ಮಲ್ಲೂ ಇದು ನಡೆಯಿತು, ಮತ್ತೆ 1991ರಲ್ಲೇ. ಖಾಸಗಿ ಬಸ್ ಕಂಪನಿಯೊಂದರ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್‌ಗಳು ಕೂಡಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಕೆಲವೇ ಬಸ್ಸುಗಳಿಂದ ಶುರುವಾದದ್ದು 70ರ ಗಡಿ ದಾಟಿತು. ತೀರ್ಥಹಳ್ಳಿ ಸೀಮೆಯ ಮಣ್ಣು ರಸ್ತೆಗಳಿಗೂ ಬಸ್ಸು ಬಂತು. ಗೇರು ಹಾಕುವವನೇ ಪಾಲುದಾರ! ಮೊನಾಕೊದ ಯಾವ ಕುಬೇರನಿಗೂ ಹೊಳೆಯದ ವಿಚಾರ. ಶಾಲೆ ಮಕ್ಕಳಿಗೆ ರಿಯಾಯಿತಿ ಪಾಸು ಕೊಟ್ಟರು, ನಾವು ತಗೊಂಡೆವು. ಸಂಶೋಧಕರು ಬಂದು ಟಿಪ್ಪಣಿ ಬರೆದುಕೊಂಡರು. ಸಭೆಗಳಲ್ಲಿ "ದೇಶಕ್ಕೇ ಮಾದರಿ" ಎಂದು ಭಾಷಣ ಮಾಡಿ, ಮನೆಗೆ ಕಾರಿನಲ್ಲಿ ಹೋದೆವು. ಡೀಸೆಲ್ ಏರಿತು, ವಿಮೆ ಏರಿತು, ತೆರಿಗೆಯವರು ಮೂರು ತಿಂಗಳಿಗೊಮ್ಮೆ ಸೀಟು ಎಣಿಸಿದರು, ಸೀಟಿನಲ್ಲಿ ಜನ ಇದ್ದಾರೋ ಎಂದು ಮಾತ್ರ ಎಣಿಸಲಿಲ್ಲ. 2020ರ ಫೆಬ್ರುವರಿಯಲ್ಲಿ ಬಸ್ಸುಗಳು ನಿಂತವು. ಆ ವಾರ ಮಲೆನಾಡಿನಲ್ಲಿ ಎಂಥ ಭಾವಪೂರ್ಣ ಶ್ರದ್ಧಾಂಜಲಿಗಳು! ಬಸ್ಸು ಹತ್ತಿ ವರ್ಷಗಳಾದವರೇ ಹೆಚ್ಚು ಅತ್ತರು. ನಾನೂ ಒಂದು ಬರೆದೆ, ಚೆನ್ನಾಗಿತ್ತು. 2023ರಲ್ಲಿ ಸರ್ಕಾರ ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟಿತು, ಸರ್ಕಾರಿ ಬಸ್ಸಿನಲ್ಲಿ. ಸರ್ಕಾರಿ ಬಸ್ಸೇ ಬಾರದ ಊರಿನ ಹೆಂಗಸರು ಆ ಸುದ್ದಿಯನ್ನು ಉಚಿತವಾಗಿ ಓದಿದರು.

ಈಗ ಡ್ರೈವರೇ ಇಲ್ಲ. ಒಬ್ಬ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಿದ್ದಾನೆ, ಆಟೋಮ್ಯಾಟಿಕ್. ಒಬ್ಬ ಪಿಕಪ್ ತಗೊಂಡ. ಕೊನೆ ಕೊಯ್ಲಿನ ಹೊತ್ತಿಗೆ ಅಡಿಕೆ ಮರ ಹತ್ತಿದರೆ ಸಿಗುವ ಕೂಲಿ ಘಾಟಿ ಹತ್ತಿದರೆ ಸಿಗುವುದಿಲ್ಲ ಎಂದು ಲೆಕ್ಕ ಹಾಕಿದವನು ಮರವನ್ನೇ ಆರಿಸಿಕೊಂಡ. ಇವರು ಬಿಟ್ಟಾಗ ಪತ್ರಿಕಾಗೋಷ್ಠಿ ಇಲ್ಲ. ರೆಡ್‌ಬುಲ್‌ನವರು 2025ರಲ್ಲಿ ಲಿಯಾಮ್ ಲಾಸನ್‌ನನ್ನು ಎರಡೇ ರೇಸಿನ ಬಳಿಕ ಕೆಳಗಿಳಿಸಿದ್ದಕ್ಕೆ, ಹುಡುಗನಿಗೆ ಅನ್ಯಾಯವಾಯಿತೆಂದು ನಮ್ಮ ಹುಡುಗರು ರಾತ್ರಿಯಿಡೀ ಚರ್ಚಿಸಿದರು. ಬೆಳಿಗ್ಗೆ ಏಳರ ಬಸ್ಸು ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ, ಅವರೆಲ್ಲ ಈಗ ಬೈಕಿನವರು.

ಮೊನ್ನೆ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಒಬ್ಬ ಮಾಲೀಕರು, ಕೆಲಸ ಬಿಟ್ಟ ಡ್ರೈವರನ್ನು ಒಲಿಸಿಕೊಳ್ಳಲು ಚಾ ಕುಡಿಸುತ್ತಿದ್ದರು. ಒಲಿಯುವ ಲಕ್ಷಣ ಕಾಣಲಿಲ್ಲ.

"ಹೋಗು ಮಾರಾಯ, ನಿಂಗೆಂತ ಅಷ್ಟು ಡೌಲು? ನಾಳೆ ಎಲೆಕ್ಟ್ರಿಕ್ ಬಸ್ ಬರ್ತದೆ. ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಯಾರು ಬೇಕಾದ್ರೂ ಓಡಿಸ್ಬಹುದು."

"ಒಳ್ಳೇದಾಯ್ತು ಸಾವ್ಕಾರ್ರೇ," ಅಂದ ಅವನು, ಲೋಟ ಕೆಳಗಿಟ್ಟು. "ಹಂಗಾರೆ ಬೆಳಿಗ್ಗೆ ಏಳರ ಟ್ರಿಪ್ಪು ನೀವೇ ಹೊಡೀರಿ."