ತಿರುಗೋರ ಬೆನ್ನಿಗೆ ಬಿದ್ದವನ ಸಂದರ್ಶನ

ಬಳ್ಳಾರಿಯ ಮೋತಿ ಸರ್ಕಲ್‌ನಿಂದ ಕೂಗಳತೆಯಲ್ಲಿ ಒಂದು ಮೋಟರ್ ವೈಂಡಿಂಗ್ ಅಂಗಡಿ. ಒಳಗೆ ವಾರ್ನಿಶ್ ವಾಸನೆ, ಹೊರಗೆ 40 ಡಿಗ್ರಿ ಬಿಸಿಲು. ಸಿರುಗುಪ್ಪದ ಅಕ್ಕಿ ಗಿರಣಿಯಿಂದ ಬಂದ ಮೋಟರೊಂದು ಹೊಟ್ಟೆ ಬಿಚ್ಚಿಕೊಂಡು ಮಲಗಿದೆ. ಕುರುಗೋಡು ಕಡೆಯ ಬೋರ್‌ವೆಲ್ ಪಂಪುಗಳು ಗೋಡೆಗೆ ಒರಗಿ ಸರದಿ ಕಾಯುತ್ತಿವೆ. ಮೇಜಿನ ಮೇಲೆ ಸತ್ತ ಬೇರಿಂಗು, ಅದರ ಮಗ್ಗುಲಿಗೆ ಹೆಬ್ಬೆರಳ ಉಗುರಿನಷ್ಟು ಉಳಿದ ಒಂದು ಕರೀ ತುಂಡು. ಅದೇ ನಮ್ಮ ಈ ಸಲದ ಅತಿಥಿ: ಶಾಫ್ಟ್ ಗ್ರೌಂಡಿಂಗ್ ಬ್ರಷ್. ತಿರುಗುವ ಶಾಫ್ಟಿಗೆ ಒತ್ತಿಕೊಂಡು ನಿಂತು, ಅದರ ಮೈಮೇಲೆ ಸೇರಿದ ಕರೆಂಟನ್ನು ಭೂಮಿಗೆ ದಾಟಿಸುವ ಇಂಗಾಲದ ತುಂಡು. ಮಾತಾಡಿಸಲು ಮಂತ್ರಿಗಳು ಸಿಗಲಿಲ್ಲವೇ ಎಂದು ಕೇಳುವವರಿಗೆ ಉತ್ತರ: ಸಿಕ್ಕಿದ್ದರು. ಅವರು ಹೇಳುವುದನ್ನು ನೀವು ಈಗಾಗಲೇ ಓದಿದ್ದೀರಿ.

ನಾವು: ನಮಸ್ಕಾರ. ಓದುಗರಿಗೆ ನಿಮ್ಮ ಪರಿಚಯ ಹೇಳಿ.

ಬ್ರಷ್: ನಮಸ್ಕಾರ್ರಿ. ಏನ್ ಹೇಳ್ಲಿ? ತಿರುಗೋರು ಬ್ಯಾರೆ, ನಾನು ನಿಂತವ. ಹಿಂದ ಒಂದು ಸ್ಪ್ರಿಂಗ್, ಮುಂದ ಶಾಫ್ಟ್. ಸ್ಪ್ರಿಂಗ್ ನೂಕ್ತೈತಿ, ಶಾಫ್ಟ್ ಉಜ್ತೈತಿ, ನಡುವ ನಾನು ಸವೀತೀನಿ. ಆತ್ಮಚರಿತ್ರೆ ಬರದ್ರ ಇಷ್ಟರಾಗ ಮುಗೀತೈತಿ.

ನಾವು: ಮೋಟರಿಗೆ ಕರೆಂಟ್ ಕೊಡುವುದು ಹೊರಗಿನ ಸುತ್ತಿಗೆ. ನಡುವಿನ ಶಾಫ್ಟಿಗೆ ಅದು ಹೇಗೆ ಬರುತ್ತದೆ?

ಬ್ರಷ್: ಛಲೋ ಕೇಳಿದ್ರಿ. ಗಿರಣಿ ಸಾವ್ಕಾರ್ರು ಇದನ್ನ ಒಮ್ಮೆನೂ ಕೇಳಲಿಲ್ಲ. ಮೂರು ಫೇಸ್ ಅಂದ್ರ ಮೂರು ಅಲೆ. ಕಂಬದಿಂದ ನೆಟ್ಟಗ ಬಂದ್ರ ಯಾವ ಗಳಿಗ್ಯಾಗ ಮೂರನ್ನೂ ಕೂಡಿಸಿದ್ರೂ ಲೆಕ್ಕ ಸೊನ್ನಿ. ಈಗ ವೇಗ ಹೆಚ್ಚು ಕಡಿಮಿ ಮಾಡಾಕ, ಬಿಲ್ ಉಳಸಾಕ ನಡುವ ಡ್ರೈವ್ ಕೂಡಿಸ್ಯಾರ. ಡ್ರೈವ್ ಅಲೆ ಕೊಡಂಗಿಲ್ರಿ. ಸೆಕೆಂಡಿಗೆ ಸಾವಿರಾರು ಸಲ ಚಾಲೂ-ಬಂದ್ ಮಾಡಿ ಅಲೆ ಕೊಟ್ಟಂಗ ವೇಷ ಹಾಕ್ತೈತಿ. ಆ ವೇಷದಾಗ ಮೂರೂ ಕೂಡಿಸಿದ್ರ ಸೊನ್ನಿ ಆಗಂಗಿಲ್ಲ. ಉಳಿದ ಬಾಕಿ ಗಾಳಿ ಸಂದಿ ದಾಟಿ ರೋಟರ್ ಮೈಮ್ಯಾಲೆ ಕೂಡ್ತೈತಿ. ಅದಕ್ಕ ಕೆಳಗ ಇಳಿಯಾಕ ದಾರಿ ಬೇಕು. ನಾ ಇದ್ರ ನನ್ನ ಮ್ಯಾಲೆ ಹಾಯ್ದು ತಣ್ಣಗ ಇಳೀತೈತಿ. ಇಲ್ಲಾಂದ್ರ ಬೇರಿಂಗಿನ ಗ್ರೀಸ್ ಪದರ ಸೀಳ್ಕೊಂಡು, ಕಿಡಿ ಹಾರಿಸ್ಕೊಂತ ಇಳೀತೈತಿ. ಕಿಡಿಗೊಂದು ಗುಳಿ. ಗುಳಿ ಕಣ್ಣಿಗೆ ಕಾಣಂಗಿಲ್ಲ, ಆದ್ರ ಕಿಡಿಗಳಿಗೆ ರಜಾ ಇಲ್ಲ. ಆ ಬೇರಿಂಗ್ ಎತ್ತಿ ನೋಡ್ರಿ.

(ಎತ್ತಿ ನೋಡಿದೆವು. ಹೊರ ಬಳೆಯ ಒಳಮೈಯಲ್ಲಿ ಅಡ್ಡಗೆರೆಗಳು, ಎರೆಹೊಲದಲ್ಲಿ ಬಿತ್ತನೆಗೆ ಹೊಡೆದ ಸಾಲಿನಂತೆ ಒಂದೇ ಅಂತರದಲ್ಲಿ. ಕೈಬೆರಳು ಆಡಿಸಿದರೆ ತಡವರಿಸುತ್ತದೆ.)

ನಾವು: ಗಿರಣಿಯವರು ಏನನ್ನುತ್ತಾರೆ?

ಬ್ರಷ್: ಮೊದಲ್ನೇ ಸಲ ಗ್ರೀಸ್ ಸರಿ ಇಲ್ಲ ಅಂದ್ರು. ಎರಡನೇ ಸಲ ಬೇರಿಂಗ್ ಡೂಪ್ಲಿಕೇಟ್ ಅಂದ್ರು. ಆಮ್ಯಾಲೆ ಮೋಟರ್ ಕೂಡಿಸಿದ ದಿನ ಅಮಾಸಿ ಇತ್ತು ಅಂತ ನೆನಪಾಗಿ ನಿಂಬಿಹಣ್ಣು ಕಟ್ಟಿದ್ರು. ನಿಂಬಿಹಣ್ಣಿನ ರಸದಾಗೂ ಕರೆಂಟ್ ಹರೀತೈತ್ರಿ. ಆದ್ರ ಕಟ್ಟಿದ್ದು ಮೀಟರ್ ಬೋರ್ಡಿಗೆ. ಶಾಫ್ಟಿಗೆ ಒತ್ತಿ ಹಿಡಿದಿದ್ರ ಒಂದು ತಾಸಾದ್ರೂ ನನ್ನ ಪಾಳಿ ಮಾಡ್ತಿತ್ತೋ ಏನೋ. ತಪ್ಪು ಯಾರದು ಅಂತ ಹುಡುಕೋದ್ರಾಗ ನಮ್ಮೂರಿಗೆ ಹಳೇ ಹೆಸರೈತಿ. ಬಳ್ಳಾರಿ ಗುಡ್ಡದ ಕೋಟಿ ಕಟ್ಟಿ ಮುಗಿದ ಮ್ಯಾಲೆ ಎದುರಿನ ಕುಂಬಾರ ಗುಡ್ಡ ಅದಕ್ಕಿಂತ ಎತ್ತರ ಐತಿ ಅಂತ ಗೊತ್ತಾಗಿ ಹೈದರಾಲಿ ಅದನ್ನ ಕಟ್ಟಿಸಿದ ಫ್ರೆಂಚ್ ಇಂಜಿನಿಯರನ್ನ ಗಲ್ಲಿಗೇರಿಸಿದ ಅಂತಾರಲ್ಲ. ಕಥಿ ಖರೇನೋ ಸುಳ್ಳೋ, ಆಗ ತಪ್ಪು ಇಂಜಿನಿಯರ್ ತನಕ ಆದ್ರೂ ಹೋತು. ಈಗ ನೆಟ್ಟಗ ಬೇರಿಂಗಿಗೆ ಗಲ್ಲು.

ನಾವು: ನಿಮ್ಮ ಮನೆತನಕ್ಕೆ ಸಮುದ್ರದ ನಂಟು ಇದೆಯಂತೆ?

ಬ್ರಷ್: ಐತ್ರಿ, ಆದ್ರ ಹೇಳ್ಕೊಳ್ಳಾಕ ನಾಚಿಕಿ. ಅಲ್ಲಿ ದಾಯಾದಿಗಳು ಬೆಳ್ಳಿಯೋರು. ದೊಡ್ಡ ಹಡಗಿನಾಗ ಬೆಳ್ಳಿ ಬೆರೆಸಿದ ಗ್ರಾಫೈಟ್ ಬ್ರಷ್, ಶಾಫ್ಟ್ ಸುತ್ತಾನೂ ಬೆಳ್ಳಿ ಪಟ್ಟಿ. ಶಾಫ್ಟಿಗೂ ಹಡಗಿನ ಮೈಗೂ ನಡುವ ಸುಮಾರು 50 ಮಿಲಿವೋಲ್ಟ್ ದಾಟಬಾರದು ಅಂತ ನೋಡಾಕ ಮೀಟರ್, ಆ ಮೀಟರಿಗೆ ಸುದ್ದಿ ಕೊಡಾಕ ಇನ್ನೊಂದು ಬ್ರಷ್. ಕೆಲಸ ಮಾಡೋ ಬ್ರಷ್ ಒಂದು, ಅವ ಮಾಡ್ತಾನೋ ಇಲ್ಲೋ ಅಂತ ವರದಿ ಒಪ್ಪಿಸೋ ಬ್ರಷ್ ಒಂದು. ಪೂರಾ ಸರ್ಕಾರಿ ಪದ್ಧತಿ.

ನಾವು: ಹಡಗಿನ ಶಾಫ್ಟಿಗೆ ಡ್ರೈವ್ ಇಲ್ಲದಿದ್ದರೂ ಅಷ್ಟು ಕಾಳಜಿ ಯಾಕೆ?

ಬ್ರಷ್: ಉಕ್ಕಿನ ಹಡಗು, ಕಂಚಿನ ಪ್ರೊಪೆಲ್ಲರು, ಸುತ್ತ ಉಪ್ಪುನೀರು. ಇಷ್ಟಾದ್ರ ಬ್ಯಾಟರಿ ತಯಾರು. ಆ ಬ್ಯಾಟರ್ಯಾಗ ಸವೆಯೋದು ಉಕ್ಕು. ಅದಕ್ಕ ಮಲ್ಪೆ, ಮಂಗಳೂರು ಕಡೆ ಮೀನಿನ ಬೋಟಿನ ತಳಕ್ಕ, ಶಾಫ್ಟಿಗೆ ಸತುವಿನ ತುಂಡು ಕಟ್ತಾರ. ಉಳಿದೋರ ಬದ್ಲಿ ತಾನು ಕರಗಿ ಹೋಗೋದು ಅದರ ನೌಕರಿ. ದೊಡ್ಡ ಹಡಗಾದ್ರ ತಳಕ್ಕ ಎದುರು ಕರೆಂಟ್ ಕೊಟ್ಟು ತುಕ್ಕು ತಡೀತಾರ. ಆ ರಕ್ಷಣೆ ಪ್ರೊಪೆಲ್ಲರಿಗೂ ಮುಟ್ಟಬೇಕಂದ್ರ ಶಾಫ್ಟ್ ಹಡಗಿಗೆ ತಾಗಿರಬೇಕು. ಇಲ್ಲೇ ಇರೋದು ಗಮ್ಮತ್ತು. ಶಾಫ್ಟ್ ನಿಂತಾಗ ಬೇರಿಂಗ್ ಮ್ಯಾಲೆ ಮೈ ಊರಿ ಕುಂತಿರ್ತೈತಿ, ಲೋಹಕ್ಕ ಲೋಹ ತಾಗಿರ್ತೈತಿ. ತಿರುಗಾಕ ಹತ್ತಿದ ಕೂಡ್ಲೇ ಎಣ್ಣಿ ಪದರದ ಮ್ಯಾಲೆ ಎದ್ದು ತೇಲ್ತೈತಿ. ಅಲ್ಲಿಗೆ ಸಂಬಂಧ ಕಡೀತು. ವೇಗ ಹೆಚ್ಚಾದಷ್ಟೂ ಕೆಳಗಿನೋರ ಗುರುತು ಸಿಗಂಗಿಲ್ಲ.

ನಾವು: ಇದು ಹಡಗಿನ ಮಾತೋ, ಎಲೆಕ್ಷನ್ ಮಾತೋ?

ಬ್ರಷ್: ನಾ ಶಾಫ್ಟ್ ಬಗ್ಗೆ ಹೇಳಾಕತ್ತೀನ್ರಿ. ಕೇಳಿದೋರಿಗೆ ಯಾರು ನೆನಪಾದ್ರೋ ಅದು ಅವರ ಜವಾಬ್ದಾರಿ. ಆದ್ರೂ ಬಳ್ಳಾರಿ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 1999ರಾಗ ಲೋಕಸಭಾ ಎಲೆಕ್ಷನ್ನಿಗೆ ಎರಡು ಭಾರಿ ಶಾಫ್ಟ್ ಇಲ್ಲಿ ತಿರುಗಿದ್ವು. ಗೆದ್ದ ಸೋನಿಯಾ ಗಾಂಧಿಯವರು ಅಮೇಠಿ ಇಟ್ಕೊಂಡು ಬಳ್ಳಾರಿ ಬಿಟ್ಟುಕೊಟ್ರು. ಕನ್ನಡದಾಗ ಭಾಷಣ ಮಾಡಿ ಸೋತ ಸುಷ್ಮಾ ಸ್ವರಾಜ್ ವರಮಹಾಲಕ್ಷ್ಮಿ ಪೂಜಾಕ್ಕ ಅಂತ ವರ್ಷಾ ವರ್ಷಾ ಬರ್ತಿದ್ರು. ಮುಂದ ಅದೂ ನಿಂತ್ತು. ಅವರ ಬ್ರಷ್ ಸವದಿತ್ತೋ, ನಮ್ಮೂರ ಶಾಫ್ಟ್ ಬಿಸಿ ಆಗಿತ್ತೋ, ನನ್ನ ಬಾಯಿಂದ ಹೇಳಸಬ್ಯಾಡ್ರಿ. ನನ್ನದು ಯಾವ ಪಕ್ಷಾನೂ ಅಲ್ಲ. ತಿರುಗೋ ಪಕ್ಷ ಎಲ್ಲಾದ್ರ ಬೆನ್ನಿಗೂ ಒತ್ತಿ ನಿಲ್ಲೋನು ನಾನು.

ನಾವು: ಸತುವಿನ ತುಂಡು ಉಳಿದವರಿಗಾಗಿ ಕರಗುತ್ತದೆ ಎಂದಿರಿ. ಅದಕ್ಕಾದರೂ ಗೌರವ ಉಂಟೋ?

ಬ್ರಷ್: ಗೌರವ! ಅದರ ಮುತ್ತಾತನ ಕಥಿ ಕೇಳ್ರಿ. ಬ್ರಿಟಿಷ್ ನೌಕಾಪಡೆಯ ಮರದ ಹಡಗಿನ ತಳಕ್ಕ ತಾಮ್ರದ ತಗಡು ಹೊದಿಸ್ತಿದ್ರು, ತಾಮ್ರ ಉಪ್ಪುನೀರಾಗ ಸವೀತಿತ್ತು. 1824ರಾಗ ಹಂಫ್ರಿ ಡೇವಿ ಅನ್ನೋ ವಿಜ್ಞಾನಿ ಸತು, ಕಬ್ಬಿಣದ ತುಂಡು ತಾಗಿಸಿ ಆ ಸವೆತ ನಿಲ್ಸಿದ. ಭಾಳ ದೊಡ್ಡ ಕೆಲಸ. ಆದ್ರ ಚಿಪ್ಪಿನ ಹುಳ, ಪಾಚಿ ತಳಕ್ಕ ಹತ್ತದಂಗ ಕಾಯ್ತಿದ್ದುದು ಆ ಕರಗೋ ತಾಮ್ರದ ವಿಷಾನೇ. ತಾಮ್ರ ಕರಗೋದು ನಿಂತ್ತು, ಚಿಪ್ಪು ಮುತ್ತಿಕೊಂಡ್ವು, ಹಡಗು ಮಂದ ಆದ್ವು, ತುಂಡು ಕಿತ್ತು ಒಗದ್ರು. ಒಪ್ಪಿಸಿದ ಕೆಲಸ ಪೂರ್ತಿ ಮಾಡಿ ಮನೀಗೆ ಹೋದ ನೌಕರ ಅದು. ನಾ ಆ ಮಟ್ಟಿಗೆ ಪುಣ್ಯವಂತ. ಕೆಲಸ ಪೂರ್ತಿ ಮಾಡಾಕ ನನಗ ಯಾರೂ ಬಿಟ್ಟಿಲ್ಲ.

ನಾವು: ಸಿರುಗುಪ್ಪದ ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ. ಅಲ್ಲಿಯ ದೋಣಿಗಳಲ್ಲಿ ನಿಮಗೆ ಕೆಲಸ ಸಿಗಲಿಲ್ಲವೇ?

ಬ್ರಷ್: ಅರ್ಜಿ ಹಾಕಾಕ ಹೋಗಿದ್ದೆ. ಹರಗೋಲಿನಾಗ ಶಾಫ್ಟೇ ಇಲ್ಲ, ದೋಣಿನೇ ತಿರುಗ್ತೈತಿ! 1520ರ ಸುಮಾರಿಗೆ ವಿಜಯನಗರಕ್ಕ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್ ಬೆತ್ತ ಹೆಣೆದು ತೊಗಲು ಹೊದಿಸಿದ ಆ ಬುಟ್ಟಿ ದೋಣಿ ನೋಡಿ, ನೆಟ್ಟಗ ಹೋಗಲಾರದ ಸುತ್ತತಾವ ಅಂತ ಬರದಿಟ್ಟಾನ. ಐದುನೂರು ವರ್ಷ ಆತು. ಈಗ ತೊಗಲಿನ ಜಾಗಕ್ಕ ಪ್ಲಾಸ್ಟಿಕ್, ಡಾಂಬರು ಬಂದೈತಿ, ಸುತ್ತೋದು ಮಾತ್ರ ಹಂಗ ಐತಿ. ಬಿದಿರಿಗೆ ತುಕ್ಕಿಲ್ಲ, ಬೇರಿಂಗ್ ಇಲ್ಲ, ಹೊಳಿ ನೀರಾಗ ಸಮುದ್ರದಷ್ಟು ಉಪ್ಪಿಲ್ಲ. ಅಂಥ ತಂತ್ರಜ್ಞಾನದ ಎದುರು ನಾ ಏನ್ ಮಾರಲಿ?

ನಾವು: ನಿಮ್ಮವರು ಜಿಲ್ಲೆಯಲ್ಲಿ ಎಲ್ಲಿಯೂ ಮರ್ಯಾದೆಯಿಂದ ಬಾಳುತ್ತಿಲ್ಲವೇ?

ಬ್ರಷ್: ಕುಡತಿನಿ ಶಾಖೋತ್ಪನ್ನ ಕೇಂದ್ರದಂಥಲ್ಲಿ ದೊಡ್ಡಪ್ಪನ ಮಕ್ಕಳ ಪೈಕಿ ಇರ್ತಾರ. ಎರಡು ಘಟಕ 500 ಮೆಗಾವ್ಯಾಟಿನವು, ಒಂದು 700. ಅಂಥ ಟರ್ಬೈನ್ ಶಾಫ್ಟ್ ನಿಮಿಷಕ್ಕ 3000 ಸುತ್ತು. ಉಗಿಯೊಳಗಿನ ನೀರ ಹನಿ ಅಲಗಿಗೆ ಬಡಿದು ಬಡಿದು ಶಾಫ್ಟಿಗೆ ವಿದ್ಯುತ್ತು ಏರ್ತೈತಿ. ಬ್ರಷ್ ಇಲ್ದಿದ್ರ ಅದು ಎಣ್ಣಿ ಪದರ ಸೀಳಿ ಬೇರಿಂಗಿನ ಬಿಳಿಲೋಹ ತಿಂದುಬಿಡ್ತೈತಿ. ಅಲ್ಲಿ ಬೇರಿಂಗ್ ಹೋದ್ರ ಬಳ್ಳಾರಿ ಕತ್ತಲಾಗ ಕುಂದರ್ಬೇಕು. ಅದಕ್ಕ ಬ್ರಷ್ಷಿಗೂ ಬೆಲಿ. ಇಲ್ಲಿ ಬೇರಿಂಗ್ ಹೋದ್ರ ಒಂದಿನ ಅಕ್ಕಿ ನಿಲ್ತೈತಿ, ಮೋಟರ್ ಹೇರ್ಕೊಂಡು ಬಂದ ಹುಡುಗ ಒಗ್ಗರಣಿ-ಮಿರ್ಚಿ ತಿಂದು ಹೋಗ್ತಾನ. ಅವಂಗೇನು ನಷ್ಟ ಇಲ್ಲ.

ನಾವು: ನೀವು ಎಷ್ಟೇ ಕರೆಂಟ್ ಇಳಿಸಿದರೂ ಕೊನೆಗೆ ಅದನ್ನು ಭೂಮಿ ಒಪ್ಪಿಕೊಳ್ಳಬೇಕಲ್ಲ?

ಬ್ರಷ್: ಅಲ್ಲೇ ತಾಲ್ಲೂಕಿಗೊಂದು ನ್ಯಾಯ. ಸಿರುಗುಪ್ಪದಾಗ ಕಾಲುವಿ ನೀರುಂಡ ಎರೆಮಣ್ಣು. ಭತ್ತದ ಗದ್ದಿ ಒಣಗಂಗಿಲ್ಲ, ಅರ್ಥ್ ಪೈಪ್ ಇಳಿಸಿದ್ರ ಸಲೀಸಾಗಿ ಒಪ್ಕೋತೈತಿ. ಕುರುಗೋಡಿಗೆ ಬರ್ರಿ. ದೊಡ್ಡ ಬಸವೇಶ್ವರನ್ನ ಒಂದ ಕಲ್ಲಿನಾಗ ಕಡದ ಊರು. ಎಲ್ಲಿ ಅಗದ್ರೂ ಬಂಡಿ. ಒಣ ಗ್ರಾನೈಟ್ ಅಂದ್ರ ಹಸಿ ಎರೆಮಣ್ಣಿಗಿಂತ ನೂರಾರು ಪಟ್ಟು ಹೆಚ್ಚು ಅಡ್ಡಿ ಮಾಡ್ತೈತಿ ಕರೆಂಟಿಗೆ. ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ, ಬ್ಯಾಸಗ್ಯಾಗ ನೀರು ಹಾಕ್ಕೊಂತ ಇರಬೇಕು. ಹಾಕ್ತಾರ ಅಂತೀರಾ? ಮನುಷ್ಯರಿಗೆ ಟ್ಯಾಂಕರ್ ನೀರು ಬರೋ ಕಾಲದಾಗ ಭೂಮಿ ಒಳಗಿನ ಪೈಪಿಗೆ ಕೊಡ ನೀರು ಹೊತ್ತು ಹಾಕ್ರಿ ಅಂದ್ರ ಬೈಸ್ಕೋಬೇಕಾಗ್ತೈತಿ. ಇದೆಲ್ಲಾ ಇರ್ಲಿ, ಈ ಜಿಲ್ಲೆದಾಗ ನನ್ನ ಕಸುಬೇ ಉಲ್ಟಾ ಅಲ್ರೀ? ನಾ ಭೂಮಿಗೆ ಹಾಕೋನು. ಇಲ್ಲೆಲ್ಲಾ ಭೂಮಿಯಿಂದ ತಗಿಯೋರು. 2011ರ ಜುಲೈನಾಗ ಸುಪ್ರೀಂ ಕೋರ್ಟೇ ಇಲ್ಲಿ ಅದಿರು ಗಣಿ ನಿಲ್ಸಬೇಕಾತು. ಅಗೆತದ ಲೆಕ್ಕ ಇಟ್ಟೋರು ಕಡಿಮಿ ಇದ್ರು, ಭೂಮಿಗೆ ಇಳಿಸೋ ನನ್ನ ಕರೆಂಟಿನ ಲೆಕ್ಕ ಯಾರಿಗೆ ಬೇಕು?

ನಾವು: ಸರಿಯಿರುವಾಗ ಯಾರೂ ನೋಡುವುದಿಲ್ಲ ಎಂಬುದು ನಿಮ್ಮ ದೂರು?

ಬ್ರಷ್: ದೂರಲ್ರಿ, ಇಲಾಖಾ ನಿಯಮ ಅನ್ಕೊಂಡೀನಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಸರಪಳಿ ಕಡೀತು, ಗೇಟ್ ಕೊಚ್ಕೊಂಡು ಹೋತು. 33 ಗೇಟ್ ಅದಾವ ಅಂತ ಗೊತ್ತಿಲ್ಲದೋರೂ ಮಾರನೇ ದಿನ ಸರಪಳಿ ಕೊಂಡಿ ದಪ್ಪದ ಬಗ್ಗೆ ಟಿವಿಯಾಗ ಮಾತಾಡಿದ್ರು. ಕನ್ನಯ್ಯ ನಾಯ್ಡು ಅನ್ನೋ ಹಿರಿಯ ತಜ್ಞರನ್ನ ಕರೆಸಿ, ಹರಿಯೋ ನೀರಾಗ ತಾತ್ಕಾಲಿಕ ಗೇಟ್ ಇಳಿಸಿ ಒಂದು ವಾರದಾಗ ನೀರು ಉಳಿಸಿದ್ರು. ಸಿರುಗುಪ್ಪದ ಭತ್ತ ಅದೇ ನೀರು ನಂಬಿದ್ದು, ಭತ್ತ ನಂಬಿದ್ದು ಗಿರಣಿ, ಗಿರಣಿ ನಂಬಿದ್ದು ಆ ಮೋಟರು. ಕಡಿದ ಸರಪಳಿಗೆ ಅಷ್ಟು ಕ್ಯಾಮೆರಾ ಬಂದ್ವು. ಸುಮಾರು 70 ವರ್ಷ ಹಿಡಿದು ನಿಂತಾಗ ಒಂದೂ ಬಂದಿರಲಿಲ್ಲ. ನಾ ಸವದು ಮುಗಿದಾಗಂತೂ ಸದ್ದೂ ಆಗಲಿಲ್ಲ. ಸದ್ದು ಮಾಡಿದ್ದು ಬೇರಿಂಗ್, ಹೆಸರು ಬಂದಿದ್ದೂ ಬೇರಿಂಗಿಗೆ.

ನಾವು: ಒಂದು ಫೋಟೊ ತೆಗೆಯಬಹುದೇ?

ಬ್ರಷ್: ತಗೀರಿ. ಎಷ್ಟ್ ಲೈಟ್ ಹಾಕಿದ್ರೂ ಕರ್ರಗ ಬರ್ತೀನಿ. ಬಾಜೂಕ ಬೇರಿಂಗ್ ಇಡಬ್ಯಾಡ್ರಿ, ಮಂದಿ ಅದನ್ನ ನೋಡ್ತಾರ.

(ಅಷ್ಟರಲ್ಲಿ ವೈಂಡಿಂಗ್ ಮೇಸ್ತ್ರಿ ಗಿರಣಿಯ ಸಾವ್ಕಾರರಿಗೆ ಫೋನ್ ಹಚ್ಚಿ ಅಂದಾಜು ಓದಿದ: ಬೇರಿಂಗ್ ಎರಡು, ವಾರ್ನಿಶ್, ಮಜೂರಿ, ಹೊಸ ಗ್ರೌಂಡಿಂಗ್ ಬ್ರಷ್ ಒಂದು. ಆ ಕಡೆಯ ದನಿ ಸ್ಪೀಕರಿನಲ್ಲಿ ನಮಗೂ ಕೇಳಿಸಿತು: “ಅಣ್ಣಾ, ಬೇರಿಂಗ್ ಒರಿಜಿನಲ್ ಹಾಕು, ದುಡ್ಡಿಗೆ ನೋಡಬ್ಯಾಡ. ಕೊನೀಗೆ ಅದೇನೋ ಬ್ರಷ್ ಅಂದ್ಯಲ್ಲ, ಅದೊಂದು ತಗದುಬಿಡು.” ಮೇಸ್ತ್ರಿ ಚೀಟಿಯ ಕೊನೆಯ ಸಾಲಿನ ಮೇಲೆ ಪೆನ್ನು ಎಳೆದ.)

ನಾವು: ಕೇಳಿಸಿತೇ?

ಬ್ರಷ್: ಕೇಳಿಸ್ತು. ನಿಮ್ಮ ಪತ್ರಿಕೆಯೋರು ಮುಂದಿನ ಸುಗ್ಗಿ ಹೊತ್ತಿಗೆ ಬರ್ರಿ. ಇದೇ ಮೋಟರ್, ಇದೇ ಮೇಜು. ಆಗ ಬೇಕಾದ್ರ ಬೇರಿಂಗನ್ನ ಸಂದರ್ಶನ ಮಾಡ್ರಿ, ಅವಂಗೂ ಹೇಳಾಕ ಭಾಳ ಇರ್ತೈತಿ.