ಹೊಸ ಟ್ಯಾಬು, ಹಳೇ ಅರ್ಜಿ

ಜೂನ್ ಬಂತೆಂದರೆ ಯಲಹಂಕ ಉಪನಗರಕ್ಕೆ ಮುಂಗಾರಿಗಿಂತ ಮೊದಲು ಬೇಡಿಕೆ ಪಟ್ಟಿ ಬರುತ್ತದೆ. ಮುಂದಿನ ಸಾಫ್ಟ್‌ವೇರಿನಲ್ಲಿ ಏನಿದೆ ಎಂದು ಆಪಲ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಬಾಯಿ ಬಿಡುವ ತಿಂಗಳು ಅದು. ಅಲ್ಲಿ ಪರದೆ ಏಳುವ ಮೊದಲೇ ಇಲ್ಲಿ, ವಾಕಿಂಗ್ ಮುಗಿಸಿದವರ ಬೆಂಚಿನ ಮೇಲೆ, ಆರ್.ಟಿ. ನಗರದ ದರ್ಶಿನಿಗಳ ಬೈಟು ಕಾಫಿಯ ಸುತ್ತ, ಐಪ್ಯಾಡಿಗೆ ಏನೇನು ಬೇಕೆಂಬುದು ಪಾಸಾಗಿರುತ್ತದೆ. ಒಬ್ಬರಿಗೆ ಬ್ಯಾಟರಿ ಎರಡು ದಿನ ಬರಬೇಕು. ಈಗಿನದು ಹೆಬ್ಬಾಳ ಮೇಲ್ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಖಾಲಿ. ಇನ್ನೊಬ್ಬರಿಗೆ ಗಾಜಿನ ಸುತ್ತಲ ಕರಿ ಅಂಚು ಅರ್ಧ ಮಿಲಿಮೀಟರ್ ಕಿರಿದಾಗದಿದ್ದರೆ ಕೆಲಸವೇ ಓಡುವುದಿಲ್ಲ. ಮತ್ತೊಬ್ಬರಿಗೆ ಹೊಸ ಚಿಪ್ಪು ಬೇಕು, ಯಾಕೆಂದು ಕೇಳಬಾರದು. ಮನೆಮುಂದಿನ ಗುಂಡಿಗೆ ಅರ್ಜಿ ಬರೆದು ಬರೆದು ಸುಸ್ತಾದ ಜನಕ್ಕೆ ಏಳು ಸಮುದ್ರದಾಚೆ ಆಪಲ್ ಕೂತಿರುವ ಕ್ಯುಪರ್ಟಿನೊ ಮಾತ್ರ ತಮ್ಮ ಅಹವಾಲು ಆಲಿಸುತ್ತದೆಂಬ ನಂಬಿಕೆ ಗಟ್ಟಿ.

ನಂಬಿಕೆ ಹುಸಿಯೇನಲ್ಲ, ನಿಧಾನ ಅಷ್ಟೆ. 2010ರ ಏಪ್ರಿಲ್‌ನಲ್ಲಿ ಅಂಗಡಿಗೆ ಬಂದ ಐಪ್ಯಾಡಿಗೆ ಕಂಪನಿಯದೇ ಕ್ಯಾಲ್ಕುಲೇಟರ್ ಸಿಕ್ಕಿದ್ದು 2024ರಲ್ಲಿ. ಹದಿನಾಲ್ಕು ವರ್ಷ! ಶ್ರೀರಾಮ ಕಾಡಿಗೆ ಹೋಗಿ, ಹೆಂಡತಿಯನ್ನು ಕಳಕೊಂಡು, ಸಮುದ್ರಕ್ಕೆ ಸೇತುವೆ ಕಟ್ಟಿ, ರಾವಣನನ್ನು ಮುಗಿಸಿ ಅಯೋಧ್ಯೆಗೆ ಮರಳುವಷ್ಟು ಕಾಲ, ಜಗತ್ತಿನ ಶ್ರೀಮಂತ ಕಂಪನಿಯೊಂದು ಕೂಡಿ ಕಳೆಯುವ ಗುಂಡಿಗಳನ್ನು ದೊಡ್ಡ ಪರದೆ ಮೇಲೆ ಹೇಗೆ ಜೋಡಿಸುವುದೆಂದು ಧ್ಯಾನಸ್ಥವಾಗಿತ್ತು. ಅಷ್ಟೂ ಕಾಲ ಯಶವಂತಪುರದ ಎಪಿಎಂಸಿ ಯಾರ್ಡಿನ ಗುಮಾಸ್ತರು ಈರುಳ್ಳಿ ಮೂಟೆಗಳ ನಡುವೆ ಕೂತು, ಅಂಕಿ ಅಳಿಸಿಹೋದ ಕ್ಯಾಲ್ಕುಲೇಟರಿನಲ್ಲೇ ಲಕ್ಷಗಟ್ಟಲೆ ವ್ಯವಹಾರ ಮುಗಿಸಿ ಮನೆಗೆ ಹೋಗುತ್ತಿದ್ದರು. ಪರದೆ ಮೇಲೆ ಬರೆಯುವ ಕಡ್ಡಿ ಯಾರಿಗೆ ಬೇಕು ಎಂದು 2007ರಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯಲ್ಲೇ ಮೂಗು ಮುರಿದಿದ್ದರು. 2015ರಲ್ಲಿ ಅದೇ ಕಂಪನಿ ಅದೇ ಕಡ್ಡಿಗೆ ಪೆನ್ಸಿಲ್ ಎಂದು ನಾಮಕರಣ ಮಾಡಿ, ಬೇರೆ ದುಡ್ಡಿಗೆ ಮಾರಿತು. ಅದನ್ನು ಚಾರ್ಜ್ ಮಾಡಲು ಟ್ಯಾಬಿನ ಬುಡಕ್ಕೇ ಚುಚ್ಚಿಡಬೇಕಿತ್ತು. ನೋಡಿದವರಿಗೆ ಟ್ಯಾಬಿಗೆ ಜ್ವರ ಬಂದಿದೆಯೇನೋ ಎನಿಸುತ್ತಿತ್ತು. ಕಂಪ್ಯೂಟರಿನಲ್ಲಿ ನಮ್ಮಜ್ಜನ ಕಾಲದಿಂದ ಇದ್ದ ಭಾಗ್ಯ, ಅಂದರೆ ಒಂದು ಕಿಟಕಿಯ ಮೇಲೆ ಇನ್ನೊಂದನ್ನು ಮನಸೋಇಚ್ಛೆ ಎಳೆದಿಡುವ ಭಾಗ್ಯ, ಎಲ್ಲ ಐಪ್ಯಾಡುಗಳಿಗೆ ಕರುಣಿಸಲ್ಪಟ್ಟಿದ್ದು 2025ರಲ್ಲಿ. ಕನ್ನಡದ ಕೀಲಿಮಣೆಯಂತೂ 2017ರವರೆಗೆ ಆಪಲ್ಲಿನವರ ಗಮನಕ್ಕೇ ಬಂದಿರಲಿಲ್ಲ. ಬೆಂಗಳೂರಿನಲ್ಲಿ ಅವರ ಮಾಲು ತಗೊಂಡವರೂ ಅದನ್ನು ಕೇಳಿರಲಿಲ್ಲವೇನೋ.

ಪಟ್ಟಿಯಲ್ಲಿ ವರ್ಷ ವರ್ಷವೂ ಮೇಲೆ ಕೂರುವ ಬೇಡಿಕೆ ಬೇರೆಯೇ ಇದೆ. ಒಂದು ಟ್ಯಾಬಿನಲ್ಲಿ ಮನೆಯ ನಾಲ್ಕು ಜನಕ್ಕೂ ಬೇರೆ ಬೇರೆ ಖಾತೆ ಬೇಕು. ಅಜ್ಜಿಯ ಧಾರಾವಾಹಿ, ಮಗುವಿನ ಹೋಮ್‌ವರ್ಕು, ಅಪ್ಪನ ಆಫೀಸಿನ ಮೇಲು, ಅಮ್ಮನ ಚೀಟಿ ಲೆಕ್ಕ ಎಲ್ಲ ಕಲಸುಮೇಲೋಗರವಾಗಿ, ಅಪ್ಪನ ಮೀಟಿಂಗಿನ ನಡುವೆ ಅಜ್ಜಿಯ ನಾಯಕಿ ಕಣ್ಣೀರಿಡುತ್ತಾಳೆ. ಶಾಲೆಗಳಿಗೆ, ಕಂಪನಿಗಳಿಗೆ ಈ ಸೌಲಭ್ಯ ಉಂಟು, ಸಂಸಾರಸ್ಥರಿಗೆ ಇಲ್ಲ. ತಲೆಗೊಂದು ಕೊಂಡುಕೊಳ್ಳಿ ಎಂಬುದು ಇದರ ತಾತ್ಪರ್ಯ. ಆಂಡ್ರಾಯ್ಡ್ ಟ್ಯಾಬುಗಳಿಗೆ 2012ರಲ್ಲೇ ಬಂದಿದೆ ಎಂದು ಪಕ್ಕದ ಬೆಂಚಿನವರು ಮೀಸೆ ತಿರುವುತ್ತಾರೆ. ಬಂದಿದೆ, ನಿಜ, ಸೆಟ್ಟಿಂಗಿನ ಯಾವ ಕೋಣೆಯಲ್ಲಿ ಅವಿತಿದೆ ಎಂದು ಅವರ ಮನೆಯಲ್ಲೂ ಯಾರಿಗೂ ಗೊತ್ತಿಲ್ಲ.

ಈ ಅರ್ಜಿ ಸಮುದ್ರ ದಾಟಬೇಕಾಗಿಯೇ ಇರಲಿಲ್ಲ. ಯಶವಂತಪುರದ ಮಗ್ಗುಲಲ್ಲಿ, ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅದು ಕಾಲು ಶತಮಾನದ ಹಿಂದೆಯೇ ವಿಲೇವಾರಿಯಾಗಿದೆ. ಅಲ್ಲಿನ ಪ್ರೊಫೆಸರುಗಳಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಒಂದು ಟ್ರಸ್ಟ್ ಮಾಡಿಕೊಂಡು, 2001ರ ಏಪ್ರಿಲ್ 25ರಂದು ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರ ತೋರಿಸಿದರು. ಮುಟ್ಟಿದರೆ ನಡೆಯುವ ಪರದೆ, ಕಪ್ಪು ಬಿಳುಪು, ಅಡ್ಡಕ್ಕೂ ಉದ್ದಕ್ಕೂ ಎಣಿಸಿದರೆ 320ಕ್ಕೆ 240 ಚುಕ್ಕಿ. ಒಳಗೆ ಲಿನಕ್ಸ್, 206 ಮೆಗಾಹರ್ಟ್ಜ್‌ನ ಸ್ಟ್ರಾಂಗ್‌ಆರ್ಮ್ ಚಿಪ್ಪು. ಬೆಲೆ 9 ಸಾವಿರದ ಆಸುಪಾಸು ಇರಬೇಕೆಂಬ ಆಸೆ. ಮುಖ್ಯವಾದದ್ದು ಸ್ಮಾರ್ಟ್‌ಕಾರ್ಡ್ ತೂರಿಸುವ ಸಂದಿ. ಯಂತ್ರ ಊರಿಗೊಂದು, ಕಾರ್ಡು ತಲೆಗೊಂದು. ನಿಮ್ಮ ಕಾರ್ಡು ಹಾಕಿದರೆ ನಿಮ್ಮ ಲೆಕ್ಕ, ಪಕ್ಕದ ಮನೆಯಾಕೆಯ ಕಾರ್ಡು ಹಾಕಿದರೆ ಆಕೆಯ ಲೆಕ್ಕ. ಕಾರ್ಡು ಎಳೆದುಕೊಂಡು ಸೆರಗಿಗೆ ಕಟ್ಟಿಕೊಂಡರೆ ಮುಗಿಯಿತು. ಓದು ಬಾರದವರಿಗಾಗಿ ಧ್ವನಿ ಎಂಬ ತಂತ್ರಾಂಶ ಪರದೆ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಕನ್ನಡದಲ್ಲಿ! ಐಪ್ಯಾಡಿನ ಕೀಲಿಮಣೆಗೆ ಕನ್ನಡ ಅಕ್ಷರಾಭ್ಯಾಸವಾಗುವ 16 ವರ್ಷ ಮೊದಲು.

ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್, ನ್ಯೂಯಾರ್ಕ್ ಟೈಮ್ಸ್‌ನ ವಾರಪತ್ರಿಕೆಯಲ್ಲಿ ಆ ವರ್ಷದ ಕಂಪ್ಯೂಟರ್ ಸಾಧನೆಗಳ ಪೈಕಿ ಸಿಂಪ್ಯೂಟರಿಗೇ ಮೊದಲ ಮಣೆ ಹಾಕಿದರು. ನಾವೂ ಪೇಪರಿನಲ್ಲಿ ಓದಿ ಹೆಮ್ಮೆಪಟ್ಟೆವು. ಹೆಮ್ಮೆಗೆ ದುಡ್ಡು ಕೊಡಬೇಕಿಲ್ಲವಲ್ಲ.

2004ರ ಮಾರ್ಚ್‌ನಲ್ಲಿ ಅದೇ ವಂಶದ ಅಮಿಡಾ ಸಿಂಪ್ಯೂಟರ್ ಅಂಗಡಿಗೆ ಬಂತು. ರೂಪಿಸಿದ್ದು ಅದೇ ಪ್ರೊಫೆಸರುಗಳು ಕಟ್ಟಿದ ಪಿಕೋಪೀಟಾ ಕಂಪನಿ, ತಯಾರಿಸಿದ್ದು ಬಿಇಎಲ್. ಹೌದು, 1954ರಿಂದ ಜಾಲಹಳ್ಳಿಯಲ್ಲಿ ಕೂತು ಸೇನೆಗೆ ವೈರ್‌ಲೆಸ್ಸು, ರೇಡಾರು ಮಾಡಿಕೊಂಡು ಬಂದಿರುವ ಬಿಇಎಲ್. (ಅದೇ ಬಿಇಎಲ್ ಮತಯಂತ್ರವನ್ನೂ ಮಾಡುತ್ತದೆ. ಅದಕ್ಕೂ ಬ್ಯಾಟರಿ ಇದೆ, ಗುಂಡಿಗಳಿವೆ, ಆದರೆ ಅಪ್‌ಡೇಟ್ ಬೇಕೆಂದು ಯಾರೂ ಕೇಳುವುದಿಲ್ಲ, ಸೋತವರನ್ನು ಬಿಟ್ಟರೆ.) ಅಮಿಡಾದೊಳಗೆ ಚಲನೆ ಗುರುತಿಸುವ ಸೆನ್ಸರ್ ಇತ್ತು: ಕೈಯಲ್ಲಿ ಹಿಡಿದು ಮಣಿಕಟ್ಟು ಹೊರಳಿಸಿದರೆ ಪುಟ ಮಗುಚುತ್ತಿತ್ತು. ಕಡ್ಡಿಯಿಂದ ಪರದೆ ಮೇಲೆ ನಿಮ್ಮದೇ ಕೈಬರಹದಲ್ಲಿ ಯಾವ ಭಾಷೆಯಲ್ಲಾದರೂ ಗೀಚಿ, ಗೀಚಿದ್ದನ್ನೇ ಇಮೇಲ್ ಮಾಡಬಹುದಿತ್ತು. ಮೂರು ವರ್ಷದ ಮೇಲೆ ಐಫೋನ್ ಬಂದು, ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾದಾಗ ನಮ್ಮವರು ಬಿಟ್ಟ ಬಾಯಿ ಮುಚ್ಚಲಿಲ್ಲ. ಬಿಇಎಲ್ ಸರ್ಕಲ್‌ನಲ್ಲಿ ದಿನಾ ಬಸ್ಸಿಗೆ ಕಾಯುತ್ತಿದ್ದವರೂ ಆ ಗುಂಪಿನಲ್ಲಿದ್ದರು.

ಅಮಿಡಾ ನೋಡಲು ಬಂದವರು ಕೇಳಿದ್ದೇನು? ಬಣ್ಣ ಇಲ್ವಾ. ಕಪ್ಪು ಬಿಳುಪಿನದಕ್ಕೆ ಹತ್ತಿರ ಹತ್ತಿರ 10 ಸಾವಿರ. ಬಣ್ಣದ್ದು ಬೇಕೆಂದರೆ 20 ಸಾವಿರದ ಸಮೀಪ. ಬಡವನ ಕಂಪ್ಯೂಟರ್ ಎಂದು ಹುಟ್ಟಿದ್ದನ್ನು ಬಡವ ಕೊಳ್ಳಲಾಗಲಿಲ್ಲ, ಕೊಳ್ಳಬಲ್ಲವನಿಗೆ ಬಡವನ ಕಂಪ್ಯೂಟರ್ ಎಂಬ ಹೆಸರೇ ಮುಜುಗರ. ಅಷ್ಟರಲ್ಲಿ ಮೊಬೈಲು ಅಗ್ಗವಾಗಿ ಎಲ್ಲರ ಜೇಬು ಸೇರಿತು. ಇದು ತಯಾರಿಸಿದವರ ಲೆಕ್ಕದ ತಪ್ಪೂ ಹೌದು. ಪ್ರೊಫೆಸರುಗಳಿಗೆ ಯಂತ್ರ ಮಾಡಲು ಬಂದಷ್ಟು ಸಲೀಸಾಗಿ ಅಂಗಡಿ ಇಡಲು ಬರಲಿಲ್ಲ. 50 ಸಾವಿರ ಮಾರುವ ಗುರಿಯಿತ್ತು, 2005ರ ಹೊತ್ತಿಗೆ ಹೋಗಿದ್ದು ಸುಮಾರು 4 ಸಾವಿರ.

ಲಕ್ಷಗಟ್ಟಲೆ ಕೊಳ್ಳುವ ಶಕ್ತಿಯಿದ್ದ ಗಿರಾಕಿ ಒಬ್ಬನೇ, ಸರ್ಕಾರ. ಅದು ಕೊಂಡಿತು, ಪ್ರಾಯೋಗಿಕವಾಗಿ. ನಮ್ಮ ರಾಜ್ಯದಲ್ಲಿ ಭೂದಾಖಲೆಗಾಗಿ ಒಂದಿಷ್ಟು, ಇನ್ನೊಂದು ರಾಜ್ಯದಲ್ಲಿ ಶಾಲೆಗಾಗಿ ಒಂದಿಷ್ಟು. ಎಲ್ಲವೂ ಪೈಲಟ್ ಯೋಜನೆ. ಜಕ್ಕೂರಿನ ವಿಮಾನ ತರಬೇತಿ ಶಾಲೆ ಇಷ್ಟು ವರ್ಷದಲ್ಲಿ ತಯಾರಿಸಿದ್ದಕ್ಕಿಂತ ಹೆಚ್ಚು ಪೈಲಟ್‌ಗಳನ್ನು ನಮ್ಮ ಇಲಾಖೆಗಳು ತಯಾರಿಸಿರಬೇಕು. ಹಾರಿದ್ದು ಮಾತ್ರ ಜಕ್ಕೂರಿನವರೇ.

ಸರ್ಕಾರ ಸಗಟಾಗಿ ಟ್ಯಾಬು ಕೊಂಡಿದ್ದೂ ಉಂಟು. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಗೆ ಬಿಇಎಲ್ ಆರು ಲಕ್ಷಕ್ಕೂ ಹೆಚ್ಚು ಅಗ್ಗದ ಟ್ಯಾಬುಗಳನ್ನು ಮಾಡಿಕೊಟ್ಟಿತು. ಕಾಗದವಿಲ್ಲದೆ ದೇಶದ 640 ಜಿಲ್ಲೆಗಳ ಮನೆಮನೆ ಲೆಕ್ಕ. ಟ್ಯಾಬು ತನ್ನ ಕೆಲಸ ಮಾಡಿತು, ಆದರೆ ಜಾತಿಯ ಅಂಕಿ ಮಾತ್ರ ಇಂದಿಗೂ ಹೊರಗೆ ಬಂದಿಲ್ಲ. ಅದನ್ನು ಹೊರಗೆಳೆಯಲು ಯಾವ ಪ್ರೊಸೆಸರ್ ಬೇಕೆಂದು ನಮ್ಮ ಬೆಂಚಿನ ತಜ್ಞರೂ ಹೇಳಲಾರರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯಾರ್ಥಿಗಳಿಗೆಂದು ತಂದ ಆಕಾಶ್ ಟ್ಯಾಬಿನ ಬಗ್ಗೆ ಹೆಚ್ಚು ಹೇಳುವಂತಿಲ್ಲ. 366 ಮೆಗಾಹರ್ಟ್ಜ್‌ನ ಚಿಪ್ಪು, ಉಗುರಿನಿಂದ ಒತ್ತಿದರೆ ಮಾತ್ರ ಓಗೊಡುವ ಪರದೆ. ಸುದ್ದಿಯಲ್ಲಿ ಹಾರಿದಷ್ಟು ಎತ್ತರಕ್ಕೆ ಕೈಯಲ್ಲಿ ಹಾರಲಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ನಮ್ಮ ರಾಜ್ಯದ ಜಾತಿ ಸಮೀಕ್ಷೆ ಶುರುವಾಗುವಾಗ ಟ್ಯಾಬೂ ಬೇಡವೆನಿಸಿತು. 60 ಪ್ರಶ್ನೆ, ಮೇಷ್ಟ್ರ ಸ್ವಂತ ಮೊಬೈಲು, ಅದರೊಳಗೊಂದು ಆ್ಯಪು. ಮೊದಲ ದಿನಗಳಲ್ಲಿ ಆ್ಯಪು ತೆರೆಯುತ್ತಿಲ್ಲವೆಂಬ ದೂರೇ ಊರೂರಿಂದ ಬಂದ ಮೊದಲ ದತ್ತಾಂಶ.

ಈಗ ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬನ್ನಿ. ಈ ಭಾಗದಲ್ಲಿ ದಿನಕ್ಕೆ ಹನ್ನೆರಡು ತಾಸು ಟ್ಯಾಬು ಹಿಡಿಯುವವರು ಸಾಫ್ಟ್‌ವೇರ್ ಇಂಜಿನಿಯರುಗಳಲ್ಲ, ಗೇಟಿನ ಸೆಕ್ಯುರಿಟಿಯವರು. ಇಲ್ಲಿರುವವನು ರಾಯಚೂರು ಕಡೆಯವನು. ಕೈಯಲ್ಲಿ ಏಳಿಂಚಿನ ಟ್ಯಾಬು, ಒಂದು ಮೂಲೆ ಒಡೆದು ಸೆಲ್ಲೋಟೇಪು, ಹಿಂದೆ ಪವರ್‌ಬ್ಯಾಂಕನ್ನು ರಬ್ಬರ್‌ಬ್ಯಾಂಡಿನಿಂದ ಬಿಗಿದಿದೆ. ಎರಡು ದಿನ ಬರುವ ಬ್ಯಾಟರಿಯನ್ನು ಈತ ತಾನೇ ಆವಿಷ್ಕರಿಸಿಕೊಂಡಿದ್ದಾನೆ. ಪರದೆಯಲ್ಲಿ ಎಲ್ಲ ಇಂಗ್ಲಿಷು. ಹಾಲಿನವನು, ಕೊರಿಯರಿನವನು, ನಂಟರು ಎಂಬ ಭೇದವನ್ನು ಈತ ಓದಿ ಅಲ್ಲ, ಗುಂಡಿ ಎಷ್ಟನೆಯದು ಎಂದು ಎಣಿಸಿ ಗುರುತಿಸುತ್ತಾನೆ. ಹೋದ ಅಪ್‌ಡೇಟಿನಲ್ಲಿ ಗುಂಡಿಗಳ ಜಾಗ ಬದಲಾದ ಮೇಲೆ ಒಂದು ವಾರ ನಮ್ಮ ಸೋದರತ್ತೆಯರೆಲ್ಲ ಡೆಲಿವರಿಯಾಗಿ ಒಳಗೆ ಬಂದರು. ಮಧ್ಯಾಹ್ನ ಬಿಸಿಲು ನೇರ ಬಿದ್ದರೆ ಪರದೆ ಕನ್ನಡಿಯಾಗುತ್ತದೆ. ಟೋಪಿ ತೆಗೆದು ನೆರಳು ಹಿಡಿದು, ಓಟಿಪಿ ಕೇಳಿ, ಒತ್ತುವಷ್ಟರಲ್ಲಿ ಹಿಂದೆ ನಾಲ್ಕು ಕಾರು ಹಾರನ್ನು. ಪಾಳಿ ಬದಲಾದಾಗ ಬರುವವನೂ ಇವನದೇ ಹೆಸರಿನಲ್ಲಿ ದುಡಿಯುತ್ತಾನೆ. ದಾಖಲೆ ಪ್ರಕಾರ ನಮ್ಮ ಗೇಟಿನಲ್ಲಿ ಒಬ್ಬನೇ ಮನುಷ್ಯ ಎರಡು ವರ್ಷದಿಂದ ನಿದ್ದೆ ಮಾಡಿಲ್ಲ.

ಇವನಿಗೆ ಬೇಕಾದ್ದು ಕನ್ನಡ, ಪಾಳಿಗೊಂದು ಖಾತೆ, ಬಿಸಿಲಲ್ಲಿ ಕಾಣುವ ಪರದೆ. ಮೊದಲೆರಡನ್ನು 2001ರಲ್ಲೇ ಯಶವಂತಪುರದ ಪಕ್ಕದಲ್ಲಿ ಮಾಡಿಟ್ಟಿದ್ದರು. ಮೂರನೆಯದನ್ನೂ ಈ ಊರಿನ ನೋಷನ್ ಇಂಕ್ ಎಂಬ ಸಣ್ಣ ಕಂಪನಿ 2011ರ ಜನವರಿಯಲ್ಲಿ ಗಿರಾಕಿಗಳ ಕೈಗಿತ್ತಿತು. ಅದರ ಆ್ಯಡಂ ಟ್ಯಾಬಿಗೆ ಪಿಕ್ಸೆಲ್ ಕ್ಯೂಐ ಪರದೆ. ಹಿಂಬೆಳಕು ಆರಿಸಿ ಬಿಸಿಲಿಗೆ ಹಿಡಿದರೆ ಅಕ್ಷರ ಇನ್ನಷ್ಟು ಸ್ಪಷ್ಟ. ಆ ಕಂಪನಿಯನ್ನು ಐಪ್ಯಾಡಿಗೆ ಸಡ್ಡು ಹೊಡೆದವರೆಂದು ಹೊಗಳಿದೆವು, ಆಮೇಲೆ ಐಪ್ಯಾಡ್ ತಗೊಂಡೆವು. ಪಿಕೋಪೀಟಾ 2006ರಲ್ಲಿ ಬೇರೆ ಕಂಪನಿಯ ಪಾಲಾಯಿತು. ಈಗ ಯಲಹಂಕದಿಂದ ಉತ್ತರಕ್ಕೆ ಹೋದರೆ ದೇವನಹಳ್ಳಿ ಬಳಿ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುತ್ತಿದ್ದಾರೆ. ಉತ್ತರ ಬೆಂಗಳೂರು ಉದ್ಧಾರವಾಯಿತೆಂದು ಸೈಟಿನ ದಲ್ಲಾಳಿಗಳು ಹೇಳುತ್ತಿದ್ದಾರೆ. ಅವರ ಮಾತು ಸುಳ್ಳಲ್ಲ, ಚದರಡಿಗೆ ಲೆಕ್ಕ ಹಾಕಿದರೆ.

ಕಳೆದ ತಿಂಗಳು ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಗೇಟಿಗೆ ಹೊಸ ಟ್ಯಾಬು ಕೊಳ್ಳುವ ವಿಷಯ ಬಂತು. ಎಂಟು ಇಂಚೋ ಹನ್ನೊಂದೋ ಎಂಬುದಕ್ಕೆ ಒಂದು ಗಂಟೆ, ಚಿಪ್ಪು ಯಾವುದು ಎಂಬುದಕ್ಕೆ ಮುಕ್ಕಾಲು ಗಂಟೆ. ಮುಂದೊಂದು ದಿನ ಮಾರಿದರೆ ಒಳ್ಳೇ ಬೆಲೆ ಬರುತ್ತದೆ ಎಂಬ ಕಾರಣಕ್ಕೆ ದುಬಾರಿಯದೇ ಪಾಸಾಯಿತು. ಸೆಕ್ಯುರಿಟಿಯವನನ್ನು ಕರೆದು ಕೇಳೋಣ ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಅವನು ಬಂದರೆ ಗೇಟು ಯಾರು ನೋಡುವುದು ಎಂಬ ಆಕ್ಷೇಪಕ್ಕೆ ಸಭೆ ತಲೆದೂಗಿತು. ಗೇಟಿನ ಆ್ಯಪು ಮಾಡಿದ ಕಂಪನಿಯ ಹುಡುಗ ಮಾತ್ರ ಬಂದಿದ್ದ, ಟೈ ಕಟ್ಟಿಕೊಂಡು. ಕನ್ನಡ ಯಾವಾಗ ಎಂದು ಕೇಳಿದ್ದಕ್ಕೆ, “ಬರ್ತಾ ಇದೆ ಸಾರ್, ಆಲ್ಮೋಸ್ಟ್ ಬಂದೇಬಿಡ್ತು” ಎಂದ. ಹೆಬ್ಬಾಳದಲ್ಲಿ ಸಿಕ್ಕಿಕೊಂಡಾಗ ಮನೆಗೆ ಫೋನ್ ಮಾಡಿ ಎಲ್ಲರೂ ಹೇಳುವ ಮಾತೇ ಅದಾದ್ದರಿಂದ ಸಭೆಗೆ ಪೂರ್ತಿ ಸಮಾಧಾನವಾಯಿತು. ಕವರಿನ ಬಣ್ಣದ ಬಗ್ಗೆ ಒಮ್ಮತ ಮೂಡದೆ, ಅದನ್ನು ಉಪಸಮಿತಿಗೆ ಒಪ್ಪಿಸಲಾಗಿದೆ.