ಗಿಡದತ್ತಿಗೆ

ಹದಿಮೂರನೇ ದಿನದ ಊಟಕ್ಕೆ ಹೊರಟರೂ ಗಿಡದತ್ತಿಗೆಯ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಒದ್ದೆ ಬಟ್ಟೆಚೂರು, ಒಂದು ಪ್ಲಾಸ್ಟಿಕ್ ಕೊಟ್ಟೆ ಇದ್ದೇ ಇರುತ್ತವೆ. ಹೋದವರ ಬಗ್ಗೆ ಎರಡು ಒಳ್ಳೆಯ ಮಾತಾಡಿ, ಸೆರಗಿನಿಂದ ಕಣ್ಣೊರೆಸಿ, ಆ ಸೆರಗು ಕೆಳಗಿಳಿಯುವಷ್ಟರಲ್ಲಿ ಜಗುಲಿಯ ತುದಿಯ ಕುಂಡದ ಹತ್ತಿರ ನಿಂತಿರುತ್ತಾರೆ. "ಪಾಪ, ಇದಕ್ಕೆ ಇನ್ನು ನೀರು ಹಾಕವ್ರು ಯಾರು?" ಎನ್ನುವುದರೊಳಗೆ ಚಟ್ ಎಂದು ಸದ್ದಾಗುತ್ತದೆ. ಕೇಳಿ ಪಡೆದದ್ದಕ್ಕಿಂತ ಕದ್ದು ತಂದ ಗಿಡವೇ ಬೇಗ ಚಿಗುರುತ್ತದೆ ಎಂಬುದು ಅವರ ಸಿದ್ಧಾಂತ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಊರಿಗೊಬ್ಬರು ಇಂಥ ಅತ್ತಿಗೆ ಇರುತ್ತಾರೆ. ಇವರು ಗುಡ್ನಾಪುರದವರು. ಕದಂಬರ ರವಿವರ್ಮ ಇಲ್ಲಿ ಮನ್ಮಥನಿಗೆ ಗುಡಿ ಕಟ್ಟಿಸಿ ವಸಂತೋತ್ಸವ ನಡೆಸಿದ್ದನ್ನು ಕಂಬದ ಶಾಸನ ಹೇಳುತ್ತದೆ. ಆ ಉತ್ಸವಕ್ಕೆ ನಮ್ಮತ್ತಿಗೆಗೂ ಕರೆ ಬಂದಿದ್ದರೆ ಅರಮನೆಯ ಹಿತ್ತಿಲಲ್ಲಿ ಒಂದು ಬಳ್ಳಿಗೂ ತುದಿ ಉಳಿಯುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಅವರ ಕೊಟ್ಟೆಗೆ ಬಿದ್ದದ್ದು 'ಹಬ್ಬುವ ಬೆಗೊನಿಯಾ'. ಮಖಮಲ್ಲಿನಂಥ ಎಲೆ, ಮೇಲೆ ಬೆಳ್ಳಿಯ ಪಟ್ಟೆ, ಮಗುಚಿದರೆ ನೇರಳೆ ಕೆಂಪು. ಅದು ಬಂದಂದಿನಿಂದ ಆ ಮನೆಯಲ್ಲಿ ಎರಡು ಪಕ್ಷಗಳಾದವು. ಹಬ್ಬಲಿಕ್ಕೆಂದು ಭಾವ ತೋಟದ ಬೇಲಿಗೆ ಸೀಳಿಟ್ಟ ಅಡಿಕೆ ದಬ್ಬೆ ಹೋಯಿತು. ಅದಕ್ಕೆ ಸುತ್ತಲು ತೆಂಗಿನ ನಾರು ಹೋಯಿತು. ಬೆಳಗಿನ ಬಿಸಿಲು ಸ್ವಲ್ಪ ಸಾಕು, ಮಧ್ಯಾಹ್ನದ್ದು ಬೇಡ, ಬುಡ ತೇವವಿರಬೇಕು, ನೀರು ನಿಲ್ಲಬಾರದು, ಗಾಳಿ ಒಣಗಬಾರದು. ಅಳಿಯ ಬಂದಾಗಲೂ ಇಷ್ಟು ನಿಯಮ ಇರಲಿಲ್ಲ. ಎಲೆಗೆ ನೀರು ಚಿಮುಕಿಸಲು ಪಂಪನ್ನೂ ಒಯ್ದಾಗ ಮಾತ್ರ ಭಾವ ಸುಮ್ಮನಿರಲಿಲ್ಲ: "ಕೊನೆಗೌಡ ಕೊಳೆ ಔಷಧಿ ಹೊಡೆಯಲೆ ಬಂದು ಕೂತಿದ್ದ. ಅಡಿಕೆ ಉದುರಿದ್ರೆ ನಿನ್ನ ಬಳ್ಳಿ ಕೊಯ್ದು ಮಾರವು!" ಅತ್ತಿಗೆ ಪಂಪಿನ ಮೂತಿ ಮೂಸಿ, "ಥೋ, ಮೈಲುತುತ್ತದ ವಾಸನೆ" ಎಂದು ತಾವಾಗಿಯೇ ವಾಪಸು ಕೊಟ್ಟರು.

ದೀಪಾವಳಿ ಕಳೆದು ಚಳಿಗಾಳಿ ಶುರುವಾದದ್ದೇ ಎಲೆಗಳು ಒಂದೊಂದಾಗಿ ಉದುರತೊಡಗಿದವು. ಅತ್ತಿಗೆ ದೃಷ್ಟಿ ತೆಗೆದರು. ಮೊನ್ನೆ ಬಂದಿದ್ದ ನೆಂಟರ ಹೆಸರು ಹಿಡಿದೇ ತೆಗೆದರು. ಬಿಎಸ್ಸಿ ಓದುವ ಮಗಳು ರಜಕ್ಕೆ ಬಂದವಳು ಬಳ್ಳಿಯನ್ನು ಅತ್ತಿತ್ತ ತಿರುಗಿಸಿ ನೋಡಿ ಬಾಂಬು ಹಾಕಿದಳು. ಬೆಗೊನಿಯಾದಲ್ಲಿ 2000ಕ್ಕೂ ಹೆಚ್ಚು ಜಾತಿ ಇವೆಯಂತೆ, ಇದು ಅದರಲ್ಲಿ ಒಂದೂ ಅಲ್ಲವಂತೆ. ಸ್ಪ್ರಿಂಗಿನಂತೆ ನುಲಿದು ದಬ್ಬೆ ಹಿಡಿಯುವ ಕುಡಿ ಬೆಗೊನಿಯಾಕ್ಕೆಲ್ಲಿಯದು? ಇದು ಸಿಸಸ್ ಡಿಸ್ಕಲರ್, ದ್ರಾಕ್ಷಿಯ ಕುಟುಂಬ. ಚಳಿಗೆ, ಒಣಹವೆಗೆ ಎಲೆ ಉದುರಿಸುವುದು ಅದರ ಸ್ವಭಾವ. ನೀರು ಕಡಿಮೆ ಮಾಡಿ ಸುಮ್ಮನಿದ್ದರೆ ಬೇಸಿಗೆಯ ಹೊತ್ತಿಗೆ ಚಿಗುರೀತು. ಅಸಲು ಬೆಗೊನಿಯಾ ಬೇಕಿದ್ದರೆ ಮಳೆಗಾಲದಲ್ಲಿ ನಮ್ಮ ಹಳ್ಳದ ಬಂಡೆಗಳ ಮೇಲೆ ಕುಂಡವಿಲ್ಲದೆ, ಪಂಪಿಲ್ಲದೆ ತಾನಾಗಿಯೇ ಹುಟ್ಟುತ್ತದೆ.

"ಬಳ್ಳಿ ಹಬ್ತು, ಎಲೆ ಬೆಗೊನಿಯಾ ಇದ್ದಾಂಗೆ ಇದ್ದು. ಇನ್ನೆಂತ ಬೇಕು?" ಎಂದರು ಅತ್ತಿಗೆ. ಊರಿನ ಹನ್ನೊಂದು ಮನೆಗೆ ಇದರ ತುಂಡನ್ನು ಬೆಗೊನಿಯಾ ಎಂದೇ ಹಂಚಿಯಾಗಿತ್ತಲ್ಲ, ಹೆಸರು ಬದಲಿಸಿದರೆ ಮರ್ಯಾದೆ ಏನಾಗಬೇಕು!

ಮಗಳು ಅಲ್ಲಿಗೇ ಬಿಡಬಹುದಿತ್ತು. "ನಮ್ಮ ಮಂಗರವಳ್ಳಿಯೂ ಸಿಸಸ್ಸೇ, ಇದ್ರ ಖಾಸಾ ದಾಯಾದಿ" ಎಂದೂ ಸೇರಿಸಿದಳು.

ಅಷ್ಟು ಹೊತ್ತು ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಯವರ ಕೈ ನಿಂತಿತು. ತುಪ್ಪದಲ್ಲಿ ಹುರಿದು, ತುರಿಕೆ ಹೋಗಲು ಹುಣಸೆಹಣ್ಣು ಸೇರಿಸಿ ಮಂಗರವಳ್ಳಿ ಚಟ್ನಿ ಅರೆಯುವುದರಲ್ಲಿ ಅವರದ್ದು ಎತ್ತಿದ ಕೈ. ಕನ್ನಡಕ ಸರಿಮಾಡಿಕೊಂಡು ಬಳ್ಳಿಯ ಉಳಿದ ಎರಡು ಕುಡಿಗಳನ್ನೇ ನೋಡುತ್ತ ಕೇಳಿದರು:

"ಹಂಗಾರೆ ಇದ್ರ ಕುಡೀದೂ ಚಟ್ನಿ ಮಾಡ್ಲಕ್ಕನೇ?"

ಆ ಸಂಜೆಯಿಂದ ಕುಂಡ ಮಾಳಿಗೆಯ ಮೇಲಿದೆ. ಅತ್ತೆಯವರಿಗೆ ಮೊಣಕಾಲು ನೋವು, ಏಣಿ ಹತ್ತಲಾಗುವುದಿಲ್ಲ.